ಹತ್ತಲಾಗದ ಕುದುರೆ

ನಮ್ಮ ಮನೆಯ ಊಟದ ಮೇಜು ನೆಲದಿಂದ ಸರಿಯಾಗಿ 30 ಇಂಚು ಎತ್ತರ ಇದೆ. ಇಷ್ಟು ವರ್ಷ ಅದರ ಮೇಲೆ ಉಂಡು, ಪೇಪರ್ ಹರಡಿ, ಅದರ ಕೆಳಗೆ ಚಪ್ಪಲಿ ಕಳೆದುಕೊಂಡು ಬದುಕಿದ್ದರೂ ಅಳೆದು ನೋಡುವ ಪ್ರಸಂಗ ಬಂದಿರಲಿಲ್ಲ. ಬಂದದ್ದು ಅಮೆರಿಕ ಸರ್ಕಾರದ ನ್ಯಾಯ ಇಲಾಖೆಯ ಕೃಪೆಯಿಂದ. ಅಂಗವಿಕಲರ ಹಕ್ಕುಗಳಿಗಾಗಿ ಆ ದೇಶ 1990ರಲ್ಲಿ ಮಾಡಿಕೊಂಡ ಕಾಯ್ದೆಯ ನಿಯಮಗಳನ್ನು ಈ ಇಲಾಖೆ 2010ರಲ್ಲಿ ತಿದ್ದಿ ಬರೆಯಿತು. ಸೇವಾಪ್ರಾಣಿ ಎಂದರೆ ನಾಯಿ, ನಾಯಿಯಲ್ಲದೆ ಬೇರೆ ಯಾವುದೂ ಅಲ್ಲ ಎಂದು ಒಂದು ಕಡೆ ಖಡಾಖಂಡಿತವಾಗಿ ಹೇಳಿತು. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಮನಸ್ಸು ಕರಗಿತೋ ಏನೋ, ಪುಟಾಣಿ ಕುದುರೆಗಳ ವಿಷಯ ಬೇರೆ, ಸಾಧ್ಯವಿದ್ದ ಕಡೆಯೆಲ್ಲ ಅವನ್ನೂ ಒಳಗೆ ಬಿಟ್ಟುಕೊಳ್ಳತಕ್ಕದ್ದು ಎಂದು ಸೇರಿಸಿತು. ಜೊತೆಗೊಂದು ವಿವರಣೆ: ಇಂಥ ಕುದುರೆ ಸಾಮಾನ್ಯವಾಗಿ ಹೆಗಲಿನ ಮಟ್ಟಕ್ಕೆ 24ರಿಂದ 34 ಇಂಚು ಎತ್ತರ, 70ರಿಂದ 100 ಪೌಂಡ್ ತೂಕ ಇರುತ್ತದೆ. ಓದಿದವನೇ ಟೇಪು ಹುಡುಕಿಕೊಂಡು ಬಂದು ಮೇಜು ಅಳೆದೆ. 24 ಇಂಚಿನ ಕುದುರೆ ತಲೆ ಬಗ್ಗಿಸಿಕೊಂಡು ನಮ್ಮ ಮೇಜಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ನುಸುಳಬಹುದು. 34 ಇಂಚಿನದಾದರೆ ಕತ್ತು ಎತ್ತುವ ಶ್ರಮವೂ ಇಲ್ಲದೆ ಕೋಸಂಬರಿಗೆ ಬಾಯಿ ಹಾಕಬಹುದು. ಹೆಂಡತಿ, "ಯಾಕೆ, ಮೇಜು ಮಾರ್ತೀರಾ?" ಅಂದಳು. "ಇಲ್ಲ, ಕುದುರೆ" ಅಂದೆ. ಆಮೇಲೆ ಆ ಬಗ್ಗೆ ಅವಳು ಕೇಳಲಿಲ್ಲ.

ನಮಗೆ ಕುದುರೆ ಎಂದರೆ ಮೊದಲು ಎತ್ತರ. ಮೈಲಾರಲಿಂಗ ಕೂರುವುದು ಅದರ ಮೇಲೆ, ರಾಜರು ಬಂದದ್ದು ಅದರ ಮೇಲೆ, ಕೆಲವು ಕಡೆ ಮದುಮಗ ಹೆದರಿ ಬೆವರುತ್ತ ಬರುವುದೂ ಅದರ ಮೇಲೆ. ಒಬ್ಬ ಮೇಲೆ ಕೂತಿರಬೇಕು, ಉಳಿದವರು ಕೆಳಗಿನಿಂದ ನೋಡಬೇಕು. ನಾನು ಹೇಳಹೊರಟ ಕುದುರೆಯ ಮೇಲೆ ಎರಡು ಮೂರು ವರ್ಷದ ಮಗುವನ್ನು ಬಿಟ್ಟು ಯಾರನ್ನೂ ಕೂರಿಸುವಂತಿಲ್ಲ. ಅದರ ಕೆಲಸವೆಲ್ಲ ಪಕ್ಕದಲ್ಲಿ ನಡೆಯುವುದು. ಕಣ್ಣು ಕಾಣದವರ ಎಡಮಗ್ಗುಲಲ್ಲಿ, ಕಾಲು ನಿಲ್ಲದವರ ಕೈಗೆ ಆಸರೆಯಾಗಿ, ಅವರು ಎಷ್ಟು ಬೇಗ ನಡೆದರೆ ಅಷ್ಟೇ ಬೇಗ.

ಇಷ್ಟು ಚಿಕ್ಕ ಕುದುರೆ ಯಾಕೆ ಬೇಕಾಯಿತು ಎಂದು ಹುಡುಕಿದರೆ ಎರಡು ಕಡೆಗೆ ದಾರಿ ಹೋಗುತ್ತದೆ. ಒಂದು ಯುರೋಪಿನ ಅರಮನೆಗಳಿಗೆ. ಅಲ್ಲಿ ರಾಜಮನೆತನದ ಮಕ್ಕಳಿಗೆ ಆಟಕ್ಕೆಂದು ಗಿಡ್ಡ ಕುದುರೆಗಳನ್ನು ಸಾಕುತ್ತಿದ್ದರು. ಇನ್ನೊಂದು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ. ಅಲ್ಲಿ ಆಟವೇನೂ ಇರಲಿಲ್ಲ. ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ದುಡಿಸಕೂಡದು ಎಂದು 1842ರಲ್ಲಿ ಕಾನೂನು ಬಂತು. ಗಾಡಿ ಎಳೆಯುವವರು ಬೇಕಲ್ಲ, ಶೆಟ್ಲೆಂಡ್ ದ್ವೀಪಗಳ ಗಿಡ್ಡ ಕುದುರೆಗಳು ಮಕ್ಕಳ ಜಾಗಕ್ಕೆ ಇಳಿದವು. 1913ರ ಹೊತ್ತಿಗೆ ಬ್ರಿಟನ್ನಿನ ನೆಲದಡಿಯಲ್ಲಿ ಸುಮಾರು 70,000 ಕುದುರೆಗಳಿದ್ದವು. ಎಷ್ಟೋ ಕುದುರೆಗಳ ಲಾಯವೂ ಕೆಳಗೇ ಇತ್ತು, ವರ್ಷಕ್ಕೊಮ್ಮೆ ಬಿಸಿಲು ಕಂಡರೆ ಪುಣ್ಯ. ಕೊನೆಯವುಗಳಲ್ಲಿ ಒಂದಾದ ರಾಬಿ ಎಂಬುದು ವೇಲ್ಸಿನ ಒಂದು ಗಣಿಯಿಂದ ನಿವೃತ್ತಿಯಾದದ್ದು 1999ರಲ್ಲಿ ಎಂದರೆ ನಂಬಲು ಕಷ್ಟ, ಅಷ್ಟರಲ್ಲಿ ನಮ್ಮಲ್ಲಿ ಮೊಬೈಲು ಬಂದಾಗಿತ್ತು. ದೀಪ ಆರಿಹೋದಾಗ ಕುದುರೆಯ ಬಾಲ ಹಿಡಿದುಕೊಂಡು ಹೊರಗೆ ಬಂದ ಕಥೆಗಳನ್ನು ಗಣಿಯ ಹಳಬರು ಹೇಳುತ್ತಾರೆ. ಆ ಕತ್ತಲೆಯಲ್ಲಿ ಇದ್ದವರೆಲ್ಲ ಕುರುಡರೇ, ಕುದುರೆಯೊಂದಕ್ಕೆ ದಾರಿ ಗೊತ್ತು.

ರಾಬಿ ನಿವೃತ್ತಿಯಾದ 1999ರಲ್ಲೇ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ, ನಾರ್ತ್ ಕೆರೊಲೈನಾದ ಕಿಟ್ರೆಲ್ ಎಂಬ ಊರಿನ ಜಾನೆಟ್ ಮತ್ತು ಡಾನ್ ಬರ್ಲ್‌ಸನ್ ದಂಪತಿ, ಕಣ್ಣು ಕಾಣದವರಿಗೆ ದಾರಿ ತೋರಿಸುವ ಕುದುರೆಗಳನ್ನು ತಯಾರು ಮಾಡುತ್ತೇವೆಂದು ಒಂದು ಸಂಸ್ಥೆ ಕಟ್ಟಿದರು. ಇದಕ್ಕೆ ಬೀಜ ಬಿದ್ದದ್ದು ನ್ಯೂಯಾರ್ಕಿನಲ್ಲಿ ಬಾಡಿಗೆ ಕುದುರೆ ಹತ್ತಿ ಅಡ್ಡಾಡಿದಾಗ, ರಸ್ತೆ ದಾಟುವಲ್ಲಿ ಕುದುರೆ ಸಿಗ್ನಲ್ಲಿಗೆ ತಾನಾಗಿಯೇ ನಿಂತದ್ದನ್ನು ನೋಡಿ ಎಂದು ಹೇಳಿಕೊಂಡಿದ್ದಾರೆ. ಮೇಲೆ ಕೂತವನು ಹೇಳದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಪ್ರಾಣಿ ನ್ಯೂಯಾರ್ಕಿನಲ್ಲಿ ಅಪರೂಪವೇ ಇರಬೇಕು. ಅವರ ಮೊದಲ ವಿದ್ಯಾರ್ಥಿನಿ ಟ್ವಿಂಕಿ. ಮೊದಲು ನೌಕರಿಗೆ ಸೇರಿದ್ದು ಕಡಲ್ಸ್, 2001ರಲ್ಲಿ, ಮೇನ್ ರಾಜ್ಯದ ಒಬ್ಬರ ಜೊತೆ. ನಾನು ಇಲ್ಲಿ ಕುದುರೆಗಳ ಹೆಸರು ಬರೆದು ಅವುಗಳ ಜೊತೆಗಾರರ ಹೆಸರು ಬಿಡುತ್ತಿದ್ದೇನೆ. ಕುದುರೆಯ ಅಪ್ಪಣೆ ಕೇಳುವ ಅಗತ್ಯವಿಲ್ಲ, ಮನುಷ್ಯರದು ಹಾಗಲ್ಲ.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ, ಬೆನ್ನ ಹಿಂದೆ ನೇರಕ್ಕೆ ಮತ್ತು ಮೂಗಿನ ತುದಿಯ ಕೆಳಗೆ. ಕತ್ತಲಲ್ಲಿ ನಮಗಿಂತ ಚೆನ್ನಾಗಿ ನೋಡುತ್ತದೆ. ಕಿವಿಗಳು ಒಂದೊಂದು ಒಂದೊಂದು ದಿಕ್ಕಿಗೆ ತಿರುಗಬಲ್ಲವು. ಬೇಟೆಗೆ ಸಿಗುವ ಜಾತಿಗೆ ಪ್ರಕೃತಿ ಕೊಟ್ಟ ಭಯದ ಸಲಕರಣೆಗಳಿವು. ಅವನ್ನೇ ಜವಾಬ್ದಾರಿಯ ಸಲಕರಣೆಗಳನ್ನಾಗಿ ತಿರುಗಿಸುವುದು ತರಬೇತಿಯ ಹೂರಣ. ಅಡಗಿ ಕೂತ ಚಿರತೆಯನ್ನು ಹುಡುಕುತ್ತಿದ್ದ ಕಣ್ಣು ಈಗ ರಿವರ್ಸ್ ಬರುತ್ತಿರುವ ಕಾರನ್ನು ಹುಡುಕಬೇಕು. ಹುಡುಕಿದ ಮೇಲೆ ಓಡಬಾರದು, ನಿಲ್ಲಬೇಕು. ಕುದುರೆಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ.

ನನಗೆ ತುಂಬ ಹಿಡಿಸಿದ್ದು ತಲೆಯ ಮೇಲಿನ ಅಡ್ಡಿಗಳ ಪಾಠ. ಕುದುರೆಯ ಎತ್ತರ ಎರಡೂವರೆ ಅಡಿ, ಜೊತೆಗಿರುವವರದು ಐದೂವರೆ. ಬೀದಿಗೆ ಚಾಚಿದ ಕೊಂಬೆಯೊಂದು ಐದು ಅಡಿ ಎತ್ತರದಲ್ಲಿದ್ದರೆ ಕುದುರೆಗೆ ಅದು ಆಕಾಶದಲ್ಲಿದ್ದ ಹಾಗೆ. ಆರಾಮಾಗಿ ಕೆಳಗೆ ತೂರಬಹುದು. ಆದರೂ ಅದು ಕೊಂಬೆಯ ಮುಂದೆ ನಿಲ್ಲಬೇಕು, ಸುತ್ತಿ ಹೋಗಬೇಕು. ತನ್ನ ಹಣೆಗೆ ತಾಗದ್ದು ಪಕ್ಕದವರ ಹಣೆಗೆ ತಾಗುತ್ತದೆ ಎಂದು ಲೆಕ್ಕ ಹಾಕಿ ನಡೆಯುವವರನ್ನು ನಾನು ಆಫೀಸುಗಳಲ್ಲೂ ಹೆಚ್ಚಾಗಿ ಕಂಡಿಲ್ಲ. ಇನ್ನೊಂದು ಪಾಠ ಮಾತು ಮೀರುವುದು. ಯಜಮಾನರು "ನಡಿ" ಎನ್ನುತ್ತಾರೆ, ಕಾರು ಬರುತ್ತಿದ್ದರೆ ನಡೆಯಕೂಡದು. ಉಳಿದ ಹೊತ್ತಿನಲ್ಲಿ ಹೇಳಿದ ಮಾತು ಕೇಳಬೇಕು, ಪ್ರಾಣಕ್ಕೆ ಬಂದಾಗ ಕೇಳಬಾರದು. ಪಾಂಡಾ ಎಂಬ ಕುದುರೆಯನ್ನು ನ್ಯೂಯಾರ್ಕ್ ರಾಜ್ಯದ ಅಂಧ ಶಿಕ್ಷಕಿಯೊಬ್ಬರಿಗಾಗಿ ಅಲೆಕ್ಸಾಂಡ್ರಾ ಕರ್ಲೆಂಡ್ ಎಂಬಾಕೆ ತಯಾರು ಮಾಡಿದರು. ಆಕೆಯ ಪದ್ಧತಿಯಲ್ಲಿ ಚಾವಟಿ ಇಲ್ಲ, ಬೈಗುಳವೂ ಇಲ್ಲ. ಸರಿಯಾದ ಕೆಲಸ ಮಾಡಿದ ಗಳಿಗೆಗೆ ಕೈಯಲ್ಲಿರುವ ಪುಟ್ಟ ಡಬ್ಬಿಯಿಂದ "ಟಿಕ್" ಎಂದೊಂದು ಸದ್ದು, ಹಿಂದೆಯೇ ಒಂದು ತುತ್ತು ತಿಂಡಿ. ಫುಟ್‌ಪಾತಿನ ಅಂಚು ಬಂತು, ನಿಂತಿತು, ಟಿಕ್.

ನಾಯಿ ಇರುವಾಗ ಕುದುರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ನಾಯಿಯನ್ನು ಕಂಡರೆ ಕೆಲವರ ಮೈಮೇಲೆ ದದ್ದು ಏಳುತ್ತದೆ, ಕೆಲವರಿಗೆ ಎದೆ ಬಡಿದುಕೊಳ್ಳುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಯುವ ಪತ್ರಕರ್ತರೊಬ್ಬರಿಗೆ ದೃಷ್ಟಿ ಕಡಿಮೆಯಾಗುತ್ತ ಬಂತು, ನಾಯಿಯ ಭಯ ಮಾತ್ರ ಕಡಿಮೆಯಾಗಲಿಲ್ಲ. ಅವರಿಗಾಗಿ ಯಾರ್ಕ್‌ಶರ್ ಕಡೆಯ ನಾರ್ಥಲರ್ಟನ್ನಿನಲ್ಲಿ ಡಿಗ್ಬಿ ಎಂಬ ಕುದುರೆ ತರಬೇತಿಗೆ ಸೇರಿತು, ನ್ಯೂಕ್ಯಾಸಲ್ಲಿನ ಮೆಟ್ರೊ ರೈಲು ಹತ್ತಿಯೂ ನೋಡಿತು. ಮಿಷಿಗನ್ನಿನ ಇನ್ನೊಬ್ಬ ಅಂಧ ಹೆಣ್ಣುಮಗಳ ತಂದೆತಾಯಿ ಆಚಾರವಂತ ಮುಸ್ಲಿಮರು, ಮನೆಯೊಳಗೆ ನಾಯಿ ಕೂಡದು ಎನ್ನುವವರು. ಮಗಳಿಗೆ ತಾನೇ ತಾನಾಗಿ ಓಡಾಡುವ ಹಂಬಲ. 2009ರಲ್ಲಿ ಕ್ಯಾಲಿ ಎಂಬ ಕುದುರೆ ಬಂದು ಮನೆಯ ಹಿತ್ತಲಿನಲ್ಲಿ ಉಳಿದುಕೊಂಡಿತು. ಅಪ್ಪ ಅಮ್ಮನ ಮನಸ್ಸೂ ನೋಯಲಿಲ್ಲ, ಮಗಳೂ ಬ್ರೈಲ್ ಕರಡು ತಿದ್ದುವ ತನ್ನ ಕೆಲಸಕ್ಕೆ ಬಸ್ಸು ಹತ್ತಿ ಹೊರಟಳು, ಪಕ್ಕದಲ್ಲಿ ಕುದುರೆ. ನಮ್ಮ ಮಡಿವಂತ ಮನೆಗಳಲ್ಲಿ ಬೆಳೆದವರಿಗೆ ಈ ಸಂಧಾನದ ಸೊಗಸು ಬೇಗ ತಿಳಿಯುತ್ತದೆ.

ಆಯಸ್ಸಿನ ಮಾತೂ ಇದೆ. ದಾರಿ ತೋರಿಸುವ ನಾಯಿ ಎಂಟು ಹತ್ತು ವರ್ಷ ದುಡಿಯುವಷ್ಟರಲ್ಲಿ ಮುದಿಯಾಗುತ್ತದೆ. ಆಮೇಲೆ ಹೊಸ ನಾಯಿ, ಹೊಸ ಹೊಂದಾಣಿಕೆ, ಹಳೆಯದರ ದುಃಖ. ಪುಟಾಣಿ ಕುದುರೆ 25–35 ವರ್ಷ ಬದುಕುತ್ತದೆ. ಎಷ್ಟೋ ಮದುವೆಗಳು ಅಷ್ಟು ಬಾಳುವುದಿಲ್ಲ.

ಇಷ್ಟು ಕೇಳಿ ಒಂದು ಕುದುರೆ ತಂದುಬಿಡೋಣ ಎನ್ನುವವರು ಸ್ವಲ್ಪ ತಾಳಬೇಕು. ಕುದುರೆಯ ಹೊಟ್ಟೆ ಚಿಕ್ಕದು, ಮೇಯಲು ಬಿಟ್ಟರೆ ದಿನಕ್ಕೆ ಹದಿನಾರು ಗಂಟೆಯೂ ಮೇಯುತ್ತದೆ. ಹುಲ್ಲು ಜಾಸ್ತಿಯಾದರೆ ಗುಂಡಗಾಗಿ ಗೊರಸಿನ ಕಾಯಿಲೆ ಹಿಡಿಯುತ್ತದೆ, ಕಡಿಮೆಯಾದರೂ ಅಪಾಯ. ಹೊಟ್ಟೆಶೂಲೆ ಬಂದರೆ ಕಕ್ಕಿ ಹಗುರಾಗುವ ಭಾಗ್ಯವಿಲ್ಲ, ಏಕೆಂದರೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವನು ಬರಬೇಕು. ಎತ್ತರ ಕಡಿಮೆ ಮಾಡುವ ಹುಚ್ಚಿನಲ್ಲಿ ತಳಿ ಬೆಳೆಸಿದವರು ಕೆಲವು ಕುದುರೆಗಳಿಗೆ ಸೊಟ್ಟ ಕಾಲು, ಇಕ್ಕಟ್ಟಾದ ಹಲ್ಲುಗಳನ್ನೂ ಕೊಟ್ಟಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕುದುರೆ ಗುಂಪಿನ ಪ್ರಾಣಿ, ಬಯಲಿನ ಪ್ರಾಣಿ. ಹಗಲೆಲ್ಲ ಲಿಫ್ಟು, ಕಾರ್ಪೆಟ್ಟು, ಬಸ್ಸು ಎಂದು ಓಡಾಡಿದ್ದಕ್ಕೆ ಸಂಜೆಗಾದರೂ ಹಿತ್ತಲು ಬೇಕು, ಆಕಾಶ ಬೇಕು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇದು ಆಗುವ ಕೆಲಸವಲ್ಲ. ಆದ್ದರಿಂದಲೇ ಇವತ್ತಿಗೂ ದಾರಿ ತೋರಿಸುವ ಕುದುರೆಗಳು ಬೆರಳೆಣಿಕೆಯಷ್ಟು, ನಾಯಿಗಳು ಸಾವಿರಾರು. ಅದು ಹಾಗಿರುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನು ಲದ್ದಿ. ಇಷ್ಟು ಹೊತ್ತು ಸಭ್ಯತೆಗಾಗಿ ಮುಂದೂಡಿದ್ದೆ. ಆದರೆ ಸರ್ಕಾರವೇ ಅದನ್ನು ಮೊದಲ ಪ್ರಶ್ನೆಯಾಗಿ ಇಟ್ಟಿದೆ. ಹೋಟೆಲಿಗೋ ಅಂಗಡಿಗೋ ಕುದುರೆ ಬಂದರೆ ಮಾಲೀಕರು ನೋಡಬೇಕಾದ ನಾಲ್ಕು ಅಂಶಗಳಲ್ಲಿ ಇದೊಂದು: ಅದಕ್ಕೆ ಹೊರಗೆ ಹೋಗಿ ಬರುವ ಶಿಸ್ತು ಇದೆಯೇ? ಆಮೇಲೆ, ಯಜಮಾನರ ಹಿಡಿತದಲ್ಲಿದೆಯೇ, ನಿಮ್ಮ ಜಾಗದಲ್ಲಿ ಅದರ ಗಾತ್ರ ತೂಕ ಹಿಡಿಸುತ್ತದೆಯೇ, ಅದು ಇದ್ದರೆ ಅಗತ್ಯವಾದ ಸುರಕ್ಷತೆಗೆ ಧಕ್ಕೆಯೇ? ಇಷ್ಟು ನೋಡಿದ ಮೇಲೂ ಆಗದು ಎಂದರೆ ಆಗದು. ನೋಡದೆಯೇ ಆಗದು ಎನ್ನುವಂತಿಲ್ಲ. ಕೌಂಟರಿನಲ್ಲಿ ತಲೆ ಎತ್ತದೆಯೇ "ಆಗಲ್ಲ" ಎನ್ನುವುದನ್ನು ಕೇಳುತ್ತ ಬೆಳೆದ ನನಗೆ ಈ ನಾಲ್ಕು ಪ್ರಶ್ನೆಗಳ ಮೇಲೆ ವಿಶೇಷ ಮಮತೆ. ಶಿಸ್ತಿನ ವಿಷಯಕ್ಕೆ ಬಂದರೆ, ಚೆನ್ನಾಗಿ ಪಳಗಿದ ಕುದುರೆ ಗಂಟೆಗಟ್ಟಲೆ ತಡೆದುಕೊಂಡು, ಬಾಗಿಲ ಬಳಿ ಹೋಗಿ ನಿಂತು ಸೂಚನೆ ಕೊಡುತ್ತದೆ.

ಅಷ್ಟಾದರೂ ಲದ್ದಿ ಕೋರ್ಟು ಹತ್ತಿದ್ದುಂಟು. ಒಹಾಯೊ ರಾಜ್ಯದ ಸಿನ್ಸಿನಾಟಿಗೆ ಹೊಂದಿಕೊಂಡ ಬ್ಲೂ ಆ್ಯಶ್ ಎಂಬ ಊರಿನಲ್ಲಿ ತಾಯಿಯೊಬ್ಬಳು ನಡಿಗೆಯ ಸಮತೋಲವಿಲ್ಲದ ಮಗಳಿಗಾಗಿ ಹಿತ್ತಲಿನಲ್ಲಿ ಪುಟಾಣಿ ಕುದುರೆ ಸಾಕಿದಳು. ಹುಡುಗಿ ಅದನ್ನು ಹಿಡಿದುಕೊಂಡು ತನ್ನ ಹಿತ್ತಲಿನಲ್ಲಿ ಓಡಾಡುತ್ತಿದ್ದಳು. ನೆರೆಯವರಿಗೆ ವಾಸನೆಯ ತಕರಾರು. ಊರಿನ ಆಡಳಿತ 2013ರಲ್ಲಿ ಮನೆಗಳಲ್ಲಿ ಕುದುರೆ ಸಾಕಕೂಡದೆಂದು ನಿಯಮ ಮಾಡಿತು. ಕೆಳಗಿನ ನ್ಯಾಯಾಲಯ ಊರಿನ ಪರವಾಗಿ ಹೇಳಿದರೆ, ಮೇಲ್ಮನವಿ ನ್ಯಾಯಾಲಯ 2015ರಲ್ಲಿ, ಒಂದು ಕಡೆ ಮಗುವಿನ ನಡಿಗೆ, ಇನ್ನೊಂದು ಕಡೆ ಊರಿನ ಮೂಗು, ಇದನ್ನು ವಿಚಾರಣೆಯಿಲ್ಲದೆ ಮುಗಿಸುವಂತಿಲ್ಲ ಎಂಬರ್ಥದಲ್ಲಿ ವಾಪಸು ಕಳಿಸಿತು. ಮಾತು ನನ್ನದು, ತೀರ್ಪು ಅವರದು.

ಸಿನ್ಸಿನಾಟಿ ಎಂದ ಕೂಡಲೇ ಅಕ್ಕನ ನೆನಪಾಗುತ್ತದೆ. ಅವಳ ಮಗ ಇರುವುದು ಅಲ್ಲೇ. ಪ್ರಯಾಣಿಕರ ದುಗುಡ ಕಳೆಯಲೆಂದು ಆ ಊರಿನ ವಿಮಾನ ನಿಲ್ದಾಣಕ್ಕೆ ಹತ್ತಿರದ ಫಾರ್ಮೊಂದರಿಂದ ಆಗಾಗ ಪುಟಾಣಿ ಕುದುರೆಗಳನ್ನು ಕರೆತರುತ್ತಾರೆ. ಅವನನ್ನು ನೋಡಲು ಹೋಗಿದ್ದ ಅಕ್ಕನನ್ನು ಕರೆದುಕೊಂಡು ನಾನು ವಾಪಸು ಹೊರಟ ದಿನ ಅದೃಷ್ಟಕ್ಕೆ ಅವು ಬಂದಿದ್ದವು. ಅಮೆರಿಕಕ್ಕೆ ಹೋಗಿಬರುವ ನಮ್ಮ ಹಿರಿಯರ ಪದ್ಧತಿಯಂತೆ ಅಕ್ಕ ವೀಲ್‌ಚೇರಿನಲ್ಲಿದ್ದಳು. ಅವಳ ಕಾಲಿಗೆ ಏನೂ ಆಗಿರಲಿಲ್ಲ. ತಿಪಟೂರಿನಲ್ಲಿ ದಿನಾ ಸಂತೆಮಾಳಕ್ಕೆ ನಡೆದು ಬರುವವಳು. ವೀಲ್‌ಚೇರ್ ಕೇಳಿದರೆ ದಾರಿ ತಪ್ಪುವುದಿಲ್ಲ, ಇಂಗ್ಲಿಷ್ ಆಡಬೇಕಿಲ್ಲ, ಕ್ಯೂ ಇಲ್ಲ ಎಂದು ಮಗ ಬರೆಸಿದ್ದ.

ಎದುರಿನಿಂದ ಬಂದ ಕುದುರೆ ಕಂದು ಬಣ್ಣದ್ದು, ಹಣೆಯ ಮೇಲೆ ಬಿದ್ದ ಕೂದಲಿನಲ್ಲಿ ಕಣ್ಣು ಅರ್ಧ ಮುಚ್ಚಿತ್ತು. ನುಣ್ಣನೆಯ ನೆಲದಲ್ಲಿ ಗೊರಸು ಜಾರಬಾರದೆಂದು ನಾಲ್ಕು ಕಾಲಿಗೂ ಗೊಂಬೆಗೆ ಹಾಕುವಂಥ ಪುಟ್ಟ ಕ್ಯಾನ್ವಾಸ್ ಬೂಟು, ಲೇಸು ಬಿಗಿದು ಗಂಟು ಹಾಕಿದ್ದರು. ನಡೆದರೆ ಟಪಟಪ ಸದ್ದಿಲ್ಲ, ಬರೀ ಮೆತ್ತಗೆ ಪುಸ್ ಪುಸ್. ಅಕ್ಕ ನೋಡಿದಳು. ತಳ್ಳುತ್ತಿದ್ದವನು ತಿಳಿಯುವಷ್ಟರಲ್ಲಿ ಕುರ್ಚಿಯಿಂದ ಎದ್ದು, ಸೆರಗು ಸಿಕ್ಕಿಸಿಕೊಂಡು, ದಾಪುಗಾಲು ಹಾಕಿಕೊಂಡು ಕುದುರೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. "ಅಯ್ಯೋ ಕಂದಾ, ಯಾರೋ ನಿಂಗೆ ಬೂಟು ಕಟ್ಟಿದ್ದು?" ಕುದುರೆ ಅವಳ ಅಂಗೈ ಮೂಸಿತು. ಅದರ ಮೇಲ್ತುಟಿ ಬೆರಳಿನ ಹಾಗೆ ಆಡುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. "ನೋಡೋ, ನಮ್ಮ ಜಟಕಾ ಸಾಬರ ಕುದುರೇದೇ ವಾಸನೆ ಕಣೋ" ಎಂದು ನನ್ನ ಕಡೆ ತಿರುಗಿದಳು. ವೀಲ್‌ಚೇರಿನವನು ಖಾಲಿ ಕುರ್ಚಿಯನ್ನೂ ನನ್ನನ್ನೂ ನೋಡುತ್ತಿದ್ದ. ಕುದುರೆ ಕಂಡರೆ ಕಾಲು ನೋವು ಎಂದು ನಮ್ಮಲ್ಲಿ ಗಾದೆ. ಕುದುರೆ ಕಂಡು ಕಾಲು ನೋವು ಹೋದದ್ದನ್ನು ನಾನು ನೋಡಿದ್ದು ಅಲ್ಲೇ.

ಇದು ಸೇವಾಕುದುರೆಯಲ್ಲ, ಚಿಕಿತ್ಸೆಯ ಕುದುರೆ. ಸೇವಾಕುದುರೆ ಒಬ್ಬರ ಕಣ್ಣೋ ಕಾಲೋ ಆಗಿ, ಆ ಒಬ್ಬರಿಗೆ ಬೇಕಾದ ನಿರ್ದಿಷ್ಟ ಕೆಲಸ ಕಲಿತದ್ದು. ಹೋಟೆಲಿನೊಳಗೆ ಬರುವ ಹಕ್ಕು ಅದಕ್ಕುಂಟು. ಚಿಕಿತ್ಸೆಯ ಕುದುರೆಗೆ ಅಂಥ ಹಕ್ಕಿಲ್ಲ, ಕರೆದರೆ ಮಾತ್ರ ಹೋಗಬೇಕು. ಆದರೆ ಕರೆಯುವವರು ಬಹಳ. ಫ್ಲಾರಿಡಾದ ಜೆಂಟಲ್ ಕ್ಯಾರೊಸೆಲ್ ಎಂಬ ಸಂಸ್ಥೆಯ ಕುದುರೆಗಳು ಮಕ್ಕಳ ಆಸ್ಪತ್ರೆಗಳ ಲಿಫ್ಟು ಹತ್ತಿ, ಮೆಟ್ಟಿಲು ಹತ್ತಿ, ಸಲೈನ್ ಕೊಳವೆಗಳ ನಡುವೆ ಹುಷಾರಾಗಿ ಹೆಜ್ಜೆಯಿಟ್ಟು ಮಂಚದ ಪಕ್ಕ ನಿಲ್ಲುತ್ತವೆ. ಅಲ್ಲಿಯ ಮ್ಯಾಜಿಕ್ ಎಂಬ ನೀಲಿ ಕಣ್ಣಿನ ಕಪ್ಪು ಕುದುರೆ ಬಹಳ ಹೆಸರುವಾಸಿ. 2012ರಲ್ಲಿ ನ್ಯೂಟೌನ್ ಎಂಬ ಊರಿನ ಶಾಲೆಯಲ್ಲಿ ಪುಟ್ಟ ಮಕ್ಕಳ ಮೇಲೆ ಗುಂಡು ಹಾರಿದ ಮೇಲೆ ಈ ಸಂಸ್ಥೆಯ ಕುದುರೆಗಳು ಅಲ್ಲಿಗೂ ಹೋದವು. ಕುದುರೆ ಬಂದು ಹೋದದ್ದರಿಂದ ಕಾಯಿಲೆ ವಾಸಿಯಾಗುತ್ತದೆಂದು ನಾನು ಹೇಳಲಾರೆ. ಚುಚ್ಚುವುದಕ್ಕಲ್ಲದೆ ಯಾರೂ ಹತ್ತಿರ ಬಾರದ ಮಂಚದ ಹತ್ತಿರ, ಚುಚ್ಚಲು ಕೈಯೇ ಇಲ್ಲದ ಒಂದು ಪ್ರಾಣಿ ಬಂದು ನಿಂತಿತಲ್ಲ, ಮಗುವಿಗೆ ಅಷ್ಟು ಲೆಕ್ಕ ಗೊತ್ತಾಗದೆ ಇರುತ್ತದೆಯೇ.

ಕಾಲು ನೋವಿನ ಗಾದೆಯ ನಿಜವಾದ ಅರ್ಥ ಬೇರೆ ಇದೆ, ಅದನ್ನೂ ಹೇಳಿಬಿಡಬೇಕು. ಪುಕ್ಕಟೆ ಕುದುರೆ ಕಂಡ ಕೂಡಲೇ ಇಲ್ಲದ ಕಾಲು ನೋವು ನೆನಪಾಗುತ್ತದೆ ಎನ್ನುವುದು. ಅಮೆರಿಕದ ವಿಮಾನಗಳಲ್ಲಿ ಆದದ್ದು ಅಕ್ಷರಶಃ ಇದೇ. ಸೇವಾಪ್ರಾಣಿಗಳ ಜೊತೆಗೆ ಮನಸ್ಸಿಗೆ ಆಸರೆಯಾಗುವ ಪ್ರಾಣಿಗಳನ್ನೂ ಟಿಕೆಟ್ಟಿಲ್ಲದೆ ಒಳಗೆ ಬಿಡುತ್ತಿದ್ದರು. ಶುರುವಾಯಿತು ನೋಡಿ. ಮುದ್ದಿನ ನಾಯಿ, ಬೆಕ್ಕು, ಹಂದಿ, ಬಾತುಕೋಳಿ, ಎಲ್ಲಕ್ಕೂ ಒಂದೊಂದು ಪತ್ರ. 2018ರ ಜನವರಿಯಲ್ಲಿ ನೆವಾರ್ಕ್ ನಿಲ್ದಾಣಕ್ಕೆ ಡೆಕ್ಸ್‌ಟರ್ ಎಂಬ ನವಿಲೇ ಬಂತು. ವಿಮಾನದವರು ಹತ್ತಿಸಿಕೊಳ್ಳಲಿಲ್ಲ, ಅವರನ್ನು ದೂರುವವರು ಸುಬ್ರಹ್ಮಣ್ಯ ಸ್ವಾಮಿಯ ಭಕ್ತರು ಮಾತ್ರ ಇದ್ದಾರು. 2019ರಲ್ಲಿ ಫ್ಲರ್ಟಿ ಎಂಬ ನಿಜವಾದ ಸೇವಾಕುದುರೆಯೊಂದು ತನ್ನ ಯಜಮಾನಿಯ ಕಾಲಬುಡದಲ್ಲಿ ನಿಂತು ಷಿಕಾಗೊದಿಂದ ಒಮಾಹಾಗೆ ತೆಪ್ಪಗೆ ಹಾರಿತ್ತು. ಆದರೆ 2020ರ ಡಿಸೆಂಬರಿನಲ್ಲಿ ಸಾರಿಗೆ ಇಲಾಖೆ ಬೇಸತ್ತು, ವಿಮಾನದ ಮಟ್ಟಿಗೆ ಸೇವಾಪ್ರಾಣಿ ಎಂದರೆ ನಾಯಿ ಮಾತ್ರ ಎಂದು ನಿಯಮ ಬರೆಯಿತು. ನವಿಲಿನ ಜೊತೆ ಕುದುರೆಯೂ ಹೊರಗೆ ಬಿತ್ತು. ಕುದುರೆಯೊಂದಿಗೆ ಬಸ್ಸು ಹತ್ತಬಹುದು, ಅಂಗಡಿ ಹೊಗಬಹುದು, ಆಕಾಶಕ್ಕೆ ಏರುವುದು ಮಾತ್ರ ವಿಮಾನದವರ ಮರ್ಜಿ. ಇಲ್ಲದ ಕಾಲು ನೋವಿನವರು ಸಾಲಾಗಿ ನಿಂತು, ನಿಜವಾಗಿ ಕಾಲು ನೋಯುವವರ ಕುದುರೆ ಕಸಿದುಕೊಂಡರು. ನಮ್ಮಕ್ಕನ ವೀಲ್‌ಚೇರೂ ಅದೇ ಸಾಲಿನದು, ಅವಳಿಗೆ ಇದನ್ನು ಹೇಳಿದೆ. "ಹಾಗಾದ್ರೆ ಕನ್ನಡದಲ್ಲಿ ಬೋರ್ಡು ಹಾಕ್ಲಿ, ನಡ್ಕೊಂಡೇ ಬರ್ತೀನಿ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕುದುರೆಯ ಜೊತೆ ಓಡಾಡುವವರದು ಇನ್ನೊಂದು ಪಾಡಿದೆ. ಬಿಳಿ ಕೋಲು ಹಿಡಿದು ಹೊರಟರೆ ಜನ ಸರಿದು ನಿಲ್ಲುತ್ತಾರೆ, ಮಾತಾಡಿಸುವುದಿಲ್ಲ. ಕುದುರೆ ಹಿಡಿದು ಹೊರಟರೆ ಮುತ್ತಿಕೊಳ್ಳುತ್ತಾರೆ. ಕೋಲಿನ ಒಂಟಿತನ ಅನುಭವಿಸಿದವರಿಗೆ ಇದು ಮೊದಮೊದಲು ಹಿತ. ಆಮೇಲೆ, ಬೆಳಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿರಬೇಕಾದವರಿಗೆ, ಹೆಸರೇನು, ವಯಸ್ಸೆಷ್ಟು, ಒಂದು ಫೋಟೊ ಎಂದು ಪ್ರತಿ ತಿರುವಿನಲ್ಲೂ ತಡೆದರೆ ಯಾರಿಗೆ ತಾಳ್ಮೆ ಇದ್ದೀತು? ಆ ಪ್ರಶ್ನೆಗಳೂ ಕುದುರೆಯವೇ. ಹಗ್ಗ ಹಿಡಿದವರ ಹೆಸರು ಕೇಳುವುದು ಯಾರಿಗೂ ಹೊಳೆಯುವುದಿಲ್ಲ.

ಆದ್ದರಿಂದ, ಮಕ್ಕಳ ಮನೆಗೆಂದು ಅಮೆರಿಕದ ಕಡೆ ಹೋಗುವ ಓದುಗರಲ್ಲಿ ಒಂದು ಬಿನ್ನಹ. ವಿಮಾನ ನಿಲ್ದಾಣದ ಕುದುರೆಯನ್ನು ಕರೆತಂದವರ ಅಪ್ಪಣೆ ಕೇಳಿ ಧಾರಾಳವಾಗಿ ಮುದ್ದಾಡಿ, ಅದು ಬಂದಿರುವುದೇ ಅದಕ್ಕೆ. ಬೀದಿಯಲ್ಲಿ ಯಾರಿಗೋ ದಾರಿ ತೋರಿಸುತ್ತಿರುವ ಕುದುರೆ ಕಂಡರೆ ಮುಟ್ಟಬೇಡಿ, ಲೊಚಗುಟ್ಟಬೇಡಿ, ಕ್ಯಾರೆಟ್ ಚಾಚಬೇಡಿ, ಮೊಬೈಲು ತೆಗೆಯಬೇಡಿ. ಮಾತಾಡಿಸಲೇಬೇಕು ಅನ್ನಿಸಿದರೆ ಅದರ ಪಕ್ಕದಲ್ಲಿರುವವರನ್ನು ಮಾತಾಡಿಸಿ. ಅವರಿಗೆ ಬಸ್ಸು ಹಿಡಿಯುವ ಅವಸರ ಇದ್ದಂತೆ ಕಂಡರೆ ಅದೂ ಬೇಡ, ದಾರಿ ಬಿಡಿ.